ಊರುಗೋಲು ಸಮಿತಿ

ಡ್ವೇನ್ ಶೆಫ್ಲರ್ ಮೊದಲ ಸಲ ಕಾರ್ಬೈನ್ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಶೂಟಿಂಗ್ ಕ್ಲಬ್ಬಿನ ಮೈದಾನಕ್ಕೆ ಬಂದ ದಿನ, ಕ್ಲೆಮ್ ಹ್ರಬಾಕ್ ಅವನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಕನಿಕರದಿಂದ ಕೇಳಿದ:

"ಕಾಲಿಗೇನಾಯ್ತಪ್ಪ?"

ಡ್ವೇನ್ ತನ್ನ ಕಾಲು ನೋಡಿಕೊಂಡ. "ಏನೂ ಆಗಿಲ್ವಲ್ಲ."

"ಮತ್ತೆ ಊರುಗೋಲು ಯಾಕೆ?"

ಅಂದಿನಿಂದ ನಮ್ಮಲ್ಲಿ ಕಾರ್ಬೈನಿಗೆ ಊರುಗೋಲು ಎಂದೇ ಹೆಸರು. ಕ್ಲೆಮ್‌ನ ವಾದವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಪಿಸ್ತೂಲು ಹಿಡಿದವನಿಗೆ ಗಾಳಿಯಲ್ಲಿ ಚಾಚಿದ ಎರಡು ಕೈ ಬಿಟ್ಟರೆ ಬೇರೆ ಆಧಾರವಿಲ್ಲ. ಕಾರ್ಬೈನು ಸಿಡಿಸುವುದೂ ಅದೇ ಪಿಸ್ತೂಲಿನ ಸಣ್ಣ ತೋಟಾವನ್ನೇ. ಆದರೆ ಅದರ ನಳಿಗೆ ಉದ್ದ, ಹಿಂದೆ ಭುಜಕ್ಕೆ ಒರಗಿಸುವ ಸ್ಟಾಕ್ ಇದೆ, ಕೆನ್ನೆಯನ್ನೂ ಅದರ ಮೇಲೆ ಇಡಬಹುದು. ಗುರಿ ಅಲುಗುವುದಿಲ್ಲ. ಕ್ಲೆಮ್‌ನ ಪ್ರಕಾರ ಅದು ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದಂತೆ. ಕ್ಲಬ್ಬಿನ ನಿಯಮಗಳನ್ನು ಬರೆದವನು ಅವನೇ ಆದ್ದರಿಂದ, ಈಸ್ಟರ್ ಪಂದ್ಯದಲ್ಲಿ ಕಾರ್ಬೈನಿನವರು ಶೂಟ್ ಮಾಡಬಹುದು, ಚಪ್ಪಾಳೆ ಪಡೆಯಬಹುದು, ಬಹುಮಾನವಾದ ಹಂದಿಮಾಂಸದ ಹ್ಯಾಮ್ ಮಾತ್ರ ಮನೆಗೆ ಒಯ್ಯುವಂತಿಲ್ಲ ಎಂದೂ ಬರೆದಿಟ್ಟ. ಡ್ವೇನ್ ಪ್ರತಿ ಈಸ್ಟರಿಗೂ ಎಲ್ಲರಿಗಿಂತ ವೇಗವಾಗಿ ಶೂಟ್ ಮಾಡಿ, ಅಂಗಡಿಯಿಂದ ಹ್ಯಾಮ್ ಕೊಂಡುಕೊಂಡು ಮನೆಗೆ ಹೋಗುತ್ತಿದ್ದ.

ಪೆನ್ಸಿಲ್ವೇನಿಯಾದ ನಮ್ಮ ಊರಿನಲ್ಲಿ ಗಣಿಗಳು ಮುಚ್ಚಿ ಬಹಳ ಕಾಲವಾಯಿತು. ಕಲ್ಲಿದ್ದಲಿನ ಕಸ ಸುರಿದ ಕಪ್ಪು ದಿಬ್ಬ ಮಾತ್ರ ಉಳಿದಿದೆ. ಅದರ ಮೇಲೆ ಬರ್ಚ್ ಮರಗಳು ಹುಟ್ಟಿಕೊಂಡಿವೆ. ಗುಂಡು ತಡೆಯಲು ಅದಕ್ಕಿಂತ ಒಳ್ಳೆಯ ಗೋಡೆಯಿಲ್ಲ. ದಿಬ್ಬದ ಮುಂದೆ ಉಕ್ಕಿನ ಬಿಳಿ ತಟ್ಟೆಗಳನ್ನು ಕಂಬಕ್ಕೆ ಹಾಕಿರುತ್ತೇವೆ. ಶನಿವಾರ ಬೆಳಿಗ್ಗೆ ಒಬ್ಬೊಬ್ಬರೇ ನಿಂತು ಅವುಗಳಿಗೆ ಬೇಗ ಬೇಗ ಹೊಡೆಯಬೇಕು. ಒಬ್ಬರದು ಮುಗಿದು ಬಂದೂಕು ಖಾಲಿಯೆಂದು ತೋರಿಸಿದ ಮೇಲೆ, ಕಾಯುತ್ತಿದ್ದ ಉಳಿದವರು ಸ್ಪ್ರೇ ಬಣ್ಣದ ಡಬ್ಬಿ ಹಿಡಿದು ಹೋಗಿ ತಟ್ಟೆಗಳಿಗೆ ಮತ್ತೆ ಬಿಳಿ ಬಳಿಯುತ್ತಾರೆ. ಕ್ಲಬ್ಬಿನ ಮುಖ್ಯವಾದ ಮಾತೆಲ್ಲ ಆಗುವುದು ಹಾಗೆ ಬಣ್ಣ ಬಳಿಯುವಾಗ.

ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು, ಬರ್ನಡೀನ್ ಯುರ್ಕೋನಿಸ್. ನನ್ನ ಯಜಮಾನರ ಜೊತೆ ಕ್ಲಬ್ಬಿಗೆ ಬರತೊಡಗಿದೆ, ಅವರು ಹೋದ ಮೇಲೂ ಬಿಡಲಿಲ್ಲ. ಕ್ಲೆಮ್ ನನ್ನನ್ನು ಬರ್ನಿ ಎನ್ನುತ್ತಾನೆ. ಡ್ವೇನ್ ನನ್ನ ವಿದ್ಯಾರ್ಥಿಯಾಗಿದ್ದವನು. ಈಗ ಊರಿನ ಅರ್ಧ ಮನೆಗಳ ನಲ್ಲಿ ರಿಪೇರಿ ಮಾಡುವ ಪ್ಲಂಬರ್, ತಲೆ ಬೋಳಾಗಿದೆ, ಆದರೂ ನನ್ನನ್ನು ಹೆಸರು ಹಿಡಿದು ಕರೆಯಲು ಅವನಿಗೆ ಬಾಯಿ ಬರುವುದಿಲ್ಲ.

ಆ ವಸಂತದಲ್ಲಿ ಮೊದಲು ಗಮನಿಸಿದವಳು ಟೆಕ್ಲಾ. ಕ್ಲಬ್ಬಿನ ಅಡುಗೆಮನೆ ಅವಳದು. ಪಂದ್ಯದ ದಿನ ಎಲೆಕೋಸು, ನೂಡಲ್ಸ್ ಎರಡನ್ನೂ ಬೆಣ್ಣೆಯಲ್ಲಿ ಬಾಡಿಸಿ ತಟ್ಟೆ ತುಂಬ ಬಡಿಸುತ್ತಾಳೆ. ಎಲ್ಲರ ಕಾಫಿ ಲೋಟವನ್ನೂ ಅಂಚಿನವರೆಗೆ ತುಂಬಿಸುವ ಅವಳು ಕ್ಲೆಮ್‌ನ ಲೋಟಕ್ಕೆ ಅರ್ಧ ಮಾತ್ರ ಹಾಕತೊಡಗಿದಳು. ಅವನು ಕುಡಿದು ಮುಗಿಸುವ ಹೊತ್ತಿಗೆ ಬಂದು ಮತ್ತೆ ಅರ್ಧ. ಯಾರಿಗೂ ಏನೂ ಹೇಳಲಿಲ್ಲ. ನಾನು ಅವಳ ಕೈ ನೋಡಿದೆ. ಆಮೇಲೆ ಅವನ ಕೈ ನೋಡಿದೆ. ಅದು ನಡುಗುತ್ತಿತ್ತು.

ಏಪ್ರಿಲ್ ಪಂದ್ಯದಲ್ಲಿ ಉಳಿದವರಿಗೂ ಗೊತ್ತಾಯಿತು. ಕೊನೆಯ ತಟ್ಟೆ ಎಲ್ಲಕ್ಕಿಂತ ದೊಡ್ಡದು, ಹತ್ತಿರದ್ದು. ಅದು ಟಂಗ್ ಎಂದರೆ ಸಮಯದ ಲೆಕ್ಕ ನಿಲ್ಲುತ್ತದೆ. ಕ್ಲೆಮ್ ಅದಕ್ಕೆ ಹೊಡೆದ, ತಪ್ಪಿತು. ಮತ್ತೆ ತಪ್ಪಿತು. ಪಿಸ್ತೂಲಿನ ತೋಟಾಗಳೆಲ್ಲ ಖಾಲಿಯಾಗುವವರೆಗೂ ಕಪ್ಪು ದಿಬ್ಬದಿಂದ ಧೂಳು ಮಾತ್ರ ಎದ್ದಿತು. ಟೈಮರ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಡ್ವೇನ್ ಅದನ್ನು ಎರಡು ಸಲ ಕುಟ್ಟಿ, "ಟೈಮರ್ ಕೈಕೊಡ್ತು ಕ್ಲೆಮ್. ಹೊಸ ಬ್ಯಾಟರಿ ಹಾಕದೇ ಇದ್ದದ್ದು ನನ್ನದೇ ತಪ್ಪು. ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ಹೊಡೀರಿ" ಎಂದ.

ಕ್ಲೆಮ್ ಪಿಸ್ತೂಲು ಖಾಲಿಯೆಂದು ತೋರಿಸಿ ಚೀಲಕ್ಕೆ ಹಾಕಿದ. "ಟೈಮರ್ ಚೆನ್ನಾಗಿದೆ ಡ್ವೇನ್."

ಬಣ್ಣ ಬಳಿಯುವಾಗ ನನ್ನ ಪಕ್ಕಕ್ಕೆ ಬಂದ. ಅವನು ಡಬ್ಬಿ ಒತ್ತಿದ ಕಡೆ ಬಿಳಿ ಬಣ್ಣ ತಟ್ಟೆಗಿಂತ ಹುಲ್ಲಿಗೇ ಹೆಚ್ಚು ಬಿತ್ತು.

"ಡಾಕ್ಟ್ರು ದೊಡ್ಡ ಕಾಯಿಲೆ ಏನಲ್ಲ ಅಂದ್ರು. ಕೈಗೆ ವಯಸ್ಸಾಗಿದೆಯಂತೆ," ಎಂದ. "ನಡುಗೋ ಕೈಯಲ್ಲಿ ಪಿಸ್ತೂಲು ಇರಬಾರ್ದು ಬರ್ನಿ. ಈ ಬೇಸಿಗೆ ಒಂದು ಮುಗೀಲಿ. ಸೆಪ್ಟೆಂಬರ್ ಮೀಟಿಂಗಲ್ಲಿ ಗೇಟಿನ ಕೀಲಿ ವಾಪಸ್ ಕೊಟ್ಬಿಡ್ತೀನಿ."

"ಶೂಟ್ ಮಾಡದೇನೇ ಬರಬಹುದಲ್ಲ."

"ಬಂದು ಏನ್ ಮಾಡ್ಲಿ? ಟೆಕ್ಲಾ ಜೊತೆ ಕೂತು ಕೋಸು ಹೆಚ್ಲಾ? ಈ ಕೈಗೆ ಚಾಕು ಬೇರೆ ಕೊಡ್ತೀಯಾ?" ಇನ್ನೊಂದು ತಟ್ಟೆಯ ಕಡೆ ತಿರುಗಿ, "ನೀನೂ ಹೋದ ಚಳಿಗಾಲದಿಂದ ಶೂಟ್ ಮಾಡಿಲ್ಲ" ಎಂದ.

"ನನಗೆ ಅಂಕ ಬರೆಯೋ ಕೆಲಸ ಇದೆಯಲ್ಲ."

ಅದು ನಿಜವೇ. ನನ್ನ ಹೆಬ್ಬೆರಳಿನ ಬುಡ ಊದಿಕೊಂಡು, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಲು ಆಗದೆ ಹೋದದ್ದೂ ನಿಜ. ಆದರೆ ಅದು ಬೇರೆ ವಿಷಯ. ನನಗೆ ಮನೆಯಲ್ಲಿ ಪುಸ್ತಕಗಳಿವೆ, ಚರ್ಚಿನ ಹಾಡಿನ ಗುಂಪಿದೆ. ಕ್ಲೆಮ್‌ಗೆ ಶನಿವಾರ ಬಿಟ್ಟರೆ ಬೇರೆ ದಿನವಿಲ್ಲ. ಬೆಳಕು ಹರಿಯುವ ಮೊದಲೇ ಬಂದು ಗೇಟು ತೆರೆದು, ಯಾರೂ ಕೇಳದಿದ್ದರೂ ದಾರಿಯ ಗುಂಡಿಗೆ ಜಲ್ಲಿ ಹಾಕುತ್ತಿದ್ದ ಮನುಷ್ಯ ಅವನು. ಕೀಲಿ ಕೊಟ್ಟರೆ ಅವನು ಈ ಕಡೆ ತಲೆ ಹಾಕುವುದಿಲ್ಲ. ತಲೆ ಹಾಕದಿದ್ದರೆ ಆ ಮನೆಯಲ್ಲಿ ಟಿವಿಯ ಮುಂದೆ ಎಷ್ಟು ದಿನ ಕೂರಬಲ್ಲ ಎಂಬುದನ್ನು ಯೋಚಿಸಲು ನನಗೆ ಇಷ್ಟವಾಗಲಿಲ್ಲ.

ನಡುಗುವ ಕೈಗೆ ಬೇಕಾದ್ದು ಏನು ಎಂಬುದು ಎಲ್ಲರಿಗೂ ಗೊತ್ತಿತ್ತು. ಭುಜಕ್ಕೆ ಒರಗುವ ಸ್ಟಾಕ್ ಇದ್ದರೆ ಕೈ ನಡುಕ ಗುರಿಯವರೆಗೆ ಹೋಗುವುದಿಲ್ಲ. ಆದರೆ ಕ್ಲೆಮ್‌ನ ಹತ್ತಿರ ಹೋಗಿ, ನೀನು ಊರುಗೋಲು ಹಿಡಿ ಎಂದು ಹೇಳುವವರು ಯಾರು?

ಯಾರ ಮುಖಕ್ಕೂ ಹೇಳಲಾಗದ ಮಾತಿದ್ದರೆ ನಮ್ಮ ಕ್ಲಬ್ಬಿನಲ್ಲಿ ಸಮಿತಿ ಮಾಡುತ್ತೇವೆ. ಹಿಂದೆ ಒಬ್ಬರ ನಾಯಿ ಅಡುಗೆಮನೆಗೆ ನುಗ್ಗುತ್ತಿದ್ದಾಗ ಪ್ರಾಣಿ ಸಮಿತಿ ಇತ್ತು. ಮೇ ತಿಂಗಳ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಒಂದು ಸಲಹೆ ಮಂಡಿಸಿದೆ: ಹೊಸದಾಗಿ ಬರುವ ಅತಿಥಿಗಳ ಬಳಕೆಗೆ ಕ್ಲಬ್ಬು ಒಂದು ಕಾರ್ಬೈನ್ ಕೊಳ್ಳಬೇಕು. ಯಾವುದು ಒಳ್ಳೆಯದೆಂದು ಬೇಸಿಗೆಯಿಡೀ ಹೋಲಿಸಿ ನೋಡಬೇಕು. ಹೋಲಿಸುವವರು ನಿಷ್ಪಕ್ಷಪಾತಿಗಳಾಗಿರಬೇಕು.

ಬೇರೆ ಯಾರೂ ಒಪ್ಪದ ಕಾರಣ ಆ ವರ್ಷ ಡ್ವೇನ್ ಅಧ್ಯಕ್ಷನಾಗಿದ್ದ. "ಹೋಲಿಸೋದೇನಿದೆ ಮಿಸೆಸ್ ಯುರ್ಕೋನಿಸ್? ನಂದೇ ಒಳ್ಳೇದು," ಎಂದ.

ಕೂಡಲೇ ಗದ್ದಲವೆದ್ದಿತು. ಕಾರ್ಬೈನ್ ಇದ್ದವರೆಲ್ಲ ತಮ್ಮದೇ ಒಳ್ಳೆಯದೆಂದರು.

"ಅದಕ್ಕೇ ಹೇಳಿದ್ದು," ಎಂದೆ. "ಎಲ್ಲವನ್ನೂ ಒಂದೇ ಸಮ ದ್ವೇಷಿಸೋರು ಬೇಕು."

ಎಲ್ಲರೂ ಕ್ಲೆಮ್‌ನ ಕಡೆ ತಿರುಗಿದರು. ಅವನು ಕಿಟಕಿಯ ಆಚೆ ನೋಡುತ್ತಿದ್ದ. ಇಷ್ಟು ಬೇಗ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ.

"ಆಗ್ಲಿ," ಎಂದ. "ಆದ್ರೆ ಒಬ್ಬನೇ ಇದ್ರೆ ಅದು ಸಮಿತಿ ಆಗಲ್ಲ. ಬರ್ನಿ ಇರ್ಲಿ. ನಾನು ಹೊಡೆದಿದ್ದನ್ನೆಲ್ಲ ಅವಳೂ ಹೊಡೀಬೇಕು. ಅದು ನಿಯಮ."

ಅಂಥ ನಿಯಮ ಇರಲಿಲ್ಲ. ಆದರೆ ನಿಯಮ ಬರೆಯುವವನೇ ಹೇಳಿದ ಮೇಲೆ ಇತ್ತು ಎಂದಾಯಿತು. ನನ್ನ ಉಪಾಯ ಫಲಿಸಿದ ಸಂತೋಷದಲ್ಲಿ ನಾನು ತಲೆಯಾಡಿಸಿದೆ.

ಹೆಣ್ಣು ನೋಡಲು ಬಂದವರ ಮುಂದೆ ತಂದೆತಾಯಿಗಳು ಹೇಗೆ ನಡೆದುಕೊಳ್ಳುತ್ತಾರೋ ಹಾಗೆ ನಡೆದುಕೊಂಡರು ನಮ್ಮ ಗಂಡಸರು ಆ ಬೇಸಿಗೆ. ಮೊದಲು ಬಂದವನು ಅಂಚೆಯವನು. ಅವನ ಕಾರ್ಬೈನ್ ಬೀಚಿನ ಕುರ್ಚಿಯಂತೆ ನಡುವಿಗೇ ಮಡಿಚಿಕೊಳ್ಳುತ್ತಿತ್ತು. ಅದನ್ನವನು ಮಡಿಚಿದ, ಬಿಡಿಸಿದ, ಮತ್ತೆ ಮಡಿಚಿದ.

"ಶೂಟ್ ಮಾಡುತ್ತಾ, ಇಲ್ಲ ಬರೀ ಮಡಿಚುತ್ತಾ?" ಎಂದು ಕ್ಲೆಮ್ ಕೇಳಿದ.

ಕೆನ್ನೆಯನ್ನು ಅದರ ಸ್ಟಾಕಿನ ಗಟ್ಟಿ ಕೊಳವೆಯ ಮೇಲೆ ಒತ್ತಿಕೊಂಡು ಕ್ಲೆಮ್ ತಟ್ಟೆಗಳಿಗೆ ಗುರಿಯಿಟ್ಟ. ಟಂಗ್, ಟಂಗ್, ಟಂಗ್, ಟಂಗ್, ಕೊನೆಯದೂ ಟಂಗ್. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ಅವನಿಗೆ ಮುಜುಗರವಾಗುತ್ತದೆಂದು ಎಲ್ಲರೂ ಒಟ್ಟಿಗೆ ಬಣ್ಣದ ಡಬ್ಬಿ ಹುಡುಕತೊಡಗಿದರು. ಕ್ಲೆಮ್ ಮಾತ್ರ ಮುಖ ಗಂಟಿಕ್ಕಿಕೊಂಡು ತನ್ನ ಕೆನ್ನೆ ಉಜ್ಜಿಕೊಂಡ. "ಕೆನ್ನೆ ನೋಯುತ್ತೆ. ಬರ್ನಿ, ನೀನು ಹೊಡಿ."

ನಾನು ಹೊಡೆದೆ. ಕೆನ್ನೆ ನೋಯುತ್ತಿತ್ತು.

ಶಾಲಾ ಬಸ್ಸಿನ ಡ್ರೈವರನದು ಸರಳವಾದದ್ದು, ಭಾರದ್ದು. ಸಣ್ಣ ತೋಟಾ ಆದರೂ ಭುಜಕ್ಕೆ ಚೆನ್ನಾಗಿ ಒದೆಯಿತು. ಏಕೆಂದು ಡ್ವೇನ್ ವಿವರಿಸಿದ: "ಇದರಲ್ಲಿ ತೋಟಾದ ಹಿಂದೆ ಇರೋ ಬೋಲ್ಟನ್ನ ಮುಚ್ಚಿ ಹಿಡಿಯೋದು ಅದರ ತೂಕ, ಸ್ಪ್ರಿಂಗು ಎರಡೇ ಮಿಸೆಸ್ ಯುರ್ಕೋನಿಸ್. ಅದಕ್ಕೇ ಬೋಲ್ಟ್ ಭಾರ, ಸ್ಪ್ರಿಂಗ್ ಬಿಗಿ. ಅಷ್ಟು ಭಾರ ಹಿಂದೆ ಬಂದು ಗುದ್ದುತ್ತೆ. ನಂದರಲ್ಲಿ ಹಾಗಲ್ಲ, ಬೋಲ್ಟ್ ತಡೆದು ತಡೆದು ತೆರೆಯುತ್ತೆ. ಆದ್ದರಿಂದ ಹಗುರ, ಮೆತ್ತಗೆ." ಶಾಲೆಯಲ್ಲಿ ಒಂದು ಪದ್ಯವನ್ನೂ ಇಷ್ಟು ಚೆನ್ನಾಗಿ ವಿವರಿಸಿದವನಲ್ಲ.

"ಒದೆಯೋದು ಬಿಡು," ಎಂದ ಕ್ಲೆಮ್. "ಬರ್ನಿ, ಬೋಲ್ಟ್ ಎಳಿ ನೋಡೋಣ."

ನಾನು ಬೆರಳುಗಳಿಂದ ಎಳೆದೆ, ಮುಷ್ಟಿಯಿಂದ ಎಳೆದೆ. ಅರ್ಧಕ್ಕೆ ಬಂದು ಮತ್ತೆ ಮುಂದಕ್ಕೆ ಓಡಿತು.

"ತೆಗೀರಿ ಇದನ್ನ," ಎಂದು ಕ್ಲೆಮ್ ತೀರ್ಪು ಕೊಟ್ಟ. ಡ್ರೈವರನ ಮುಖ ಸಣ್ಣಗಾಯಿತು. ಅತಿಥಿಗಳಲ್ಲಿ ಹೆಂಗಸರೂ ಇರುತ್ತಾರಲ್ಲ, ಕ್ಲೆಮ್ ಎಷ್ಟು ದೂರ ಯೋಚಿಸುತ್ತಾನೆ ಎಂದು ನಾನು ಮೆಚ್ಚಿಕೊಂಡೆ.

ಊರಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವವರು ತಮ್ಮ ತಂದೆಯ ಕಾಲದ, ಕೆಳಗಿನ ಹಿಡಿ ಬಾಗಿಸಿ ತೋಟಾ ಏರಿಸುವ ಬಂದೂಕು ತಂದರು. ಮರದ ಸ್ಟಾಕು, ಜೇನಿನ ಬಣ್ಣ. ಹಳೆಯ ರಿವಾಲ್ವರಿನ ಮೆದು ತೋಟಾ ಅದಕ್ಕೆ. ಒದೆತವೇ ಇಲ್ಲ.

"ಇದಕ್ಕೆ ಅವಸರವೇ ಇಲ್ಲ," ಎಂದರು ಅವರು ಹೆಮ್ಮೆಯಿಂದ.

"ನಿಮ್ಮ ಕೆಲಸದಲ್ಲಿ ಗಿರಾಕಿಗಳಿಗೂ ಇರಲ್ಲ," ಎಂದ ಕ್ಲೆಮ್. ಆದರೆ ಆ ಬಂದೂಕಿನ ಮೇಲೆ ಅವನಿಗೆ ಮನಸ್ಸಾಗಿತ್ತು. ಅದರ ಮರವನ್ನು ಎರಡು ಸಲ ಸವರಿದ. ಆಮೇಲೆ ಪಕ್ಕದ ಸಣ್ಣ ಕಿಂಡಿಯಲ್ಲಿ ಒಂದೊಂದೇ ತೋಟಾವನ್ನು ಹೆಬ್ಬೆರಳಿನಿಂದ ಒತ್ತಿ ತುಂಬುತ್ತಿದ್ದ ನನ್ನನ್ನು ನೋಡಿದ. ನಾನು ಮುಖ ಕಿವಿಚಿರಬೇಕು. "ಚೆನ್ನಾಗಿದೆ. ಬೇಡ," ಎಂದು ವಾಪಸ್ ಕೊಟ್ಟುಬಿಟ್ಟ.

ಕೊನೆಗೆ ಡ್ವೇನ್‌ನ ಕಾರ್ಬೈನ್. ಅದರ ಮೇಲೆ ಡ್ವೇನ್ ಮಾಡಿಸದ ಕೆಲಸವಿರಲಿಲ್ಲ. ಗುರಿ ಹಿಡಿಯಲು ಕೆಂಪು ಚುಕ್ಕೆಯ ಕನ್ನಡಿ, ಬೋಲ್ಟ್ ಎಳೆಯಲು ಎರಡೂ ಕಡೆ ಅಗಲವಾದ ಕಿವಿ, ಹಲ್ಲು ಹಲ್ಲಾಗಿ ಉದ್ದ ಮಾಡಬಹುದಾದ ಸ್ಟಾಕು. ಅದರ ಕಿವಿಯನ್ನು ನಾನು ಹೆಬ್ಬೆರಳಿಲ್ಲದೆ, ಅಂಗೈಯ ಬದಿಯಿಂದಲೇ ಎಳೆದುಬಿಟ್ಟೆ. ಅದನ್ನು ಹೋಲಿಸುವುದಕ್ಕೆ ಕ್ಲೆಮ್ ಜುಲೈ, ಆಗಸ್ಟ್ ಎರಡು ತಿಂಗಳನ್ನೂ ತೆಗೆದುಕೊಂಡ. ಪ್ರತಿ ಶನಿವಾರ ಅವನ ತಟ್ಟೆಗಳು ಟಂಗ್ ಎನ್ನುತ್ತಿದ್ದವು, ಅವನು ಗೊಣಗುತ್ತಿದ್ದ, ನಾನೂ ಹೊಡೆಯುತ್ತಿದ್ದೆ, ಟೆಕ್ಲಾ ಅವನ ಲೋಟಕ್ಕೆ ಅರ್ಧ ಕಾಫಿ ಹಾಕುತ್ತಿದ್ದಳು. ಸಂಜೆ ಡ್ವೇನ್ ತನ್ನ ಕಾರ್ಬೈನನ್ನು ವಾಪಸ್ ತೆಗೆದುಕೊಂಡು, ಸ್ಟಾಕನ್ನು ಕಟಕಟನೆ ತನ್ನ ಅಳತೆಗೆ ಎಳೆದುಕೊಂಡು, ಏನೂ ಕೇಳದೆ ಪೆಟ್ಟಿಗೆಗೆ ಹಾಕುತ್ತಿದ್ದ. ಅವನೇಕೆ ಪ್ರತಿ ಸಲವೂ ಎಳೆಯಬೇಕಾಗುತ್ತಿತ್ತು ಎಂದು ನಾನು ಯೋಚಿಸಲಿಲ್ಲ. ನನ್ನ ಗಮನವೆಲ್ಲ ಕ್ಲೆಮ್‌ನ ಕೈಯ ಮೇಲಿತ್ತು.

ಸೆಪ್ಟೆಂಬರ್ ಮೀಟಿಂಗಿಗೆ ಎಲ್ಲರೂ ಬಂದಿದ್ದರು. ಕ್ಲೆಮ್ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಎದ್ದು ನಿಂತ.

"ಸಮಿತಿಯ ವರದಿ," ಎಂದ. "ಮಡಿಚೋದು. ಕಾರಿನ ಡಿಕ್ಕಿಗೆ ಬಹಳ ಚೆನ್ನಾಗಿದೆ. ಡಿಕ್ಕಿ ಶೂಟ್ ಮಾಡಲ್ಲ." ಅಂಚೆಯವನು ನೆಲ ನೋಡಿದ. "ಬಸ್ಸಿಂದು. ಗಟ್ಟಿ, ಯಾವತ್ತೂ ಕೆಡಲ್ಲ. ಆದ್ರೆ ಬೋಲ್ಟ್ ಎಳೆಯೋಕೆ ಹೆಬ್ಬೆರಳು ಬೇಕು. ಎಲ್ಲರಿಗೂ ಹೆಬ್ಬೆರಳು ಇರಲ್ಲ."

"ಎಲ್ಲರಿಗೂ ಇರುತ್ತೆ ಕ್ಲೆಮ್," ಎಂದ ಡ್ರೈವರ್.

"ಇರುತ್ತೆ. ಕೆಲಸ ಮಾಡಲ್ಲ. ಹಳೇದು, ಮರದ್ದು. ನನಗೆ ಬಹಳ ಇಷ್ಟ ಆಯ್ತು. ತೋಟಾ ತುಂಬೋಕೂ ಅದೇ ಹೆಬ್ಬೆರಳು. ಆದ್ದರಿಂದ ಡ್ವೇನ್‌ದು." ಈ ಮಾತು ಹೇಳುವುದು ಅವನಿಗೆ ಸುಲಭವಾಗಲಿಲ್ಲ. "ಡ್ವೇನ್‌ದು ಹಗುರ. ಒದೆಯಲ್ಲ. ತೋಟಾನೂ ಎಲ್ಲರ ಮನೇಲಿರೋ ಒಂಬತ್ತು ಮಿಲಿಮೀಟರಿಂದೇ. ಬೋಲ್ಟನ್ನ ಅಂಗೈಯಲ್ಲಿ ಎಳೀಬಹುದು. ಅಂಥದ್ದೇ ತಗೊಳ್ಳಿ. ಸ್ಟಾಕನ್ನ ಅತಿ ಚಿಕ್ಕ ಹಲ್ಲಿಗೆ ಇಟ್ಟು, ಅಲ್ಲೇ ಬಿಡಿ."

ಡ್ವೇನ್‌ಗೆ ಹ್ಯಾಮ್ ಗೆದ್ದಷ್ಟು ಸಂತೋಷವಾಗಿತ್ತು. ಆ ಸಂತೋಷದಲ್ಲಿ ಬೇಸಿಗೆಯಿಡೀ ಕೇಳದಿದ್ದದ್ದನ್ನು ಕೇಳಿಬಿಟ್ಟ. "ಅತಿ ಚಿಕ್ಕದು ಯಾಕೆ ಕ್ಲೆಮ್? ಅಲ್ಲಿಟ್ರೆ ನಿಮ್ಮ ಎತ್ತರಕ್ಕೆ ಹೆಬ್ಬೆರಳು ಮೂಗಿಗೆ ತಾಗುತ್ತಲ್ಲ."

"ನಂಗಲ್ಲ," ಎಂದ ಕ್ಲೆಮ್. ಸ್ವಲ್ಪ ತಡೆದು, "ಗಿಡ್ಡ ಅತಿಥಿಗಳಿಗೆ" ಎಂದ.

ಅವನು ನನ್ನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು. ಕ್ಲಬ್ಬಿನಲ್ಲಿ ನನಗಿಂತ ಗಿಡ್ಡಗಿರುವವರು ಯಾರೂ ಇಲ್ಲ.

ಅವನು ಜೇಬಿನಿಂದ ಗೇಟಿನ ಕೀಲಿ ತೆಗೆದು ಅಧ್ಯಕ್ಷರ ಮೇಜಿನ ಮೇಲಿಟ್ಟ. ಇಡುವಾಗ ಅದು ಮರದ ಮೇಲೆ ಟಕಟಕ ಎಂದಿತು. "ಕೆಲಸ ಮುಗೀತು. ಇದನ್ನೂ ತಗೊಳ್ಳಿ," ಎಂದು ಕೂತ.

ಡ್ವೇನ್ ಕೀಲಿಯನ್ನು ಮುಟ್ಟಲಿಲ್ಲ. ಏನು ಮಾಡುವುದೆಂದು ತಿಳಿಯದೆ, "ವೋಟಿಗೆ ಮೊದಲು ಎಲ್ಲರೂ ಕಾಫಿ ಕುಡೀರಿ" ಎಂದ. ನಾನು ಲೋಟ ಹಿಡಿದು ಅಡುಗೆಮನೆಯ ಕಿಂಡಿಗೆ ಹೋದೆ.

"ಟೆಕ್ಲಾ," ಎಂದೆ ಮೆಲ್ಲಗೆ. "ಏಪ್ರಿಲ್‌ನಲ್ಲಿ ನಾನು ನಿನ್ನ ಹತ್ರ ಬಂದು, ಕ್ಲೆಮ್‌ಗೆ ಹೇಗಾದ್ರೂ ಒಂದು ಕಾರ್ಬೈನ್ ಹಿಡಿಸ್ಬೇಕು ಅಂದಿದ್ದೆ."

"ಹೌದು ಚಿನ್ನ."

"ಅವನೂ ಬಂದಿದ್ನಾ?"

"ಅದೇ ವಾರ. ಬರ್ನಿಗೆ ಹೇಗಾದ್ರೂ ಒಂದು ಕಾರ್ಬೈನ್ ಹಿಡಿಸ್ಬೇಕು, ಹೆಬ್ಬೆರಳು ಹೋಗಿದೆ, ಬಾಯಿ ಬಿಟ್ಟು ಹೇಳಲ್ಲ ಅಂದ."

"ನೀನೇನಂದೆ?"

"ಇಬ್ಬರಿಗೂ ಒಳ್ಳೇ ಯೋಚನೆ ಅಂದೆ." ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. ಅದು ಅರ್ಧಕ್ಕೇ ನಿಂತಿತು. ಎಷ್ಟು ದಿನದಿಂದ ನನಗೂ ಅರ್ಧವೇ ಬರುತ್ತಿತ್ತೋ, ತುಂಬಿದ ಲೋಟದ ಭಾರ ನನ್ನ ಕೈ ಯಾವಾಗ ಮರೆತಿತ್ತೋ, ನನಗೆ ತಿಳಿಯಲಿಲ್ಲ.

ನಾನು ವಾಪಸ್ ಬಂದು ಕೂರದೆ ನಿಂತೇ ಇದ್ದೆ. ಮೂವತ್ತು ಚಿಲ್ಲರೆ ವರ್ಷ ತರಗತಿಯ ಮುಂದೆ ನಿಂತವಳಿಗೆ ಅದು ಕಷ್ಟವಲ್ಲ.

"ಅಧ್ಯಕ್ಷರೇ, ಈ ವರದಿಯನ್ನ ಒಪ್ಪಬಾರ್ದು ಅಂತ ನನ್ನ ಸಲಹೆ. ಹೋಲಿಕೆ ಅಪೂರ್ಣವಾಗಿದೆ."

ಕ್ಲೆಮ್ ಥಟ್ಟನೆ ತಿರುಗಿದ. "ಏನ್ ಅಪೂರ್ಣ?"

"ಬೇಸಿಗೆಯಿಡೀ ಸ್ಟಾಕು ಚಿಕ್ಕ ಹಲ್ಲಲ್ಲೇ ಇತ್ತು. ಗಿಡ್ಡ ಅತಿಥಿಗಳ ಅನುಕೂಲ ಮಾತ್ರ ನೋಡಿದ್ದಾರೆ. ಎತ್ತರದ ಅತಿಥಿಗಳು ಬಂದ್ರೆ ಏನ್ ಗತಿ? ಎತ್ತರವಾಗಿ, ಸ್ವಲ್ಪ ವಯಸ್ಸಾಗಿ, ಗೊಣಗೋ ಸ್ವಭಾವದೋರು ಬಂದ್ರೆ? ಅಂಥವರಿಗೆ ಉದ್ದದ ಹಲ್ಲಲ್ಲಿ ಇದು ಹೇಗಿರುತ್ತೆ ಅನ್ನೋದು ಈ ಕ್ಲಬ್ಬಿಗೆ ಗೊತ್ತೇ ಇಲ್ಲ. ಸಮಿತಿ ಮುಂದುವರೀಬೇಕು."

"ಎಲ್ಲೀವರೆಗೆ?" ಎಂದು ಕೇಳಿದ ಡ್ವೇನ್. ಅವನ ಮುಖದಲ್ಲಿ ನಗು ಬರುತ್ತಿತ್ತು. ಪರೀಕ್ಷೆಯಲ್ಲಿ ಉತ್ತರ ಹೊಳೆದಾಗ ಅವನ ಮುಖ ಹೀಗೇ ಆಗುತ್ತಿತ್ತು. ಅದನ್ನು ನಾನು ನೋಡಿದ್ದು ಒಂದೆರಡು ಸಲ ಮಾತ್ರ.

"ಹೋಲಿಕೆ ಮುಗಿಯೋವರೆಗೆ."

"ಇದು ನಿಯಮಕ್ಕೆ ವಿರೋಧ," ಎಂದ ಕ್ಲೆಮ್.

"ಒಬ್ಬರೇ ಇದ್ರೆ ಸಮಿತಿ ಆಗಲ್ಲ ಅಂತ ನಿಯಮ ಮಾಡಿದ್ದು ನೀನೇ. ನೀನು ಬಿಟ್ರೆ ನಾನೂ ಹೊಡೆಯೋ ಹಾಗಿಲ್ಲ. ಮತ್ತೆ ಅಂಕ ಬರೀತಾ ಕೂರ್ಬೇಕು."

ಕ್ಲೆಮ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ನನ್ನ ಹೆಬ್ಬೆರಳನ್ನು ನೋಡಿದ. ನಾನು ಅವನ ಕೈ ನೋಡಿದೆ. ಬಹಳ ವರ್ಷಗಳ ಸ್ನೇಹದಲ್ಲಿ ನಾವು ಅದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ.

"ಅನುಮೋದಿಸ್ತೀನಿ," ಎಂದಳು ಟೆಕ್ಲಾ ಕಿಂಡಿಯಿಂದ. ಅವಳು ಕ್ಲಬ್ಬಿನ ಸದಸ್ಯಳೇ ಅಲ್ಲ. ಯಾರೂ ಅದನ್ನು ಎತ್ತಲಿಲ್ಲ. ಮಡಿಚುವ ಕಾರ್ಬೈನಿನವನು, ಬಸ್ಸಿನವನು, ಶವಸಂಸ್ಕಾರದವರು ಎಲ್ಲರೂ ಕೈ ಎತ್ತಿದರು. ತಮ್ಮ ಕಾರ್ಬೈನಿಗೆ ಇನ್ನೊಂದು ಅವಕಾಶ ಸಿಗಬಹುದೆಂಬ ಆಸೆಯೂ ಅದರಲ್ಲಿತ್ತೆಂದು ನನಗೆ ಅನುಮಾನ.

"ಸಮಿತಿ ಕೆಲಸಕ್ಕೆ ಗೇಟು ತೆರೀಬೇಕಾಗುತ್ತೆ," ಎಂದು ಡ್ವೇನ್ ಕೀಲಿಯನ್ನು ಮೇಜಿನ ಮೇಲೆ ಒಂದು ಬೆರಳಿನಿಂದ ತಳ್ಳಿದ. ಅದು ಕ್ಲೆಮ್‌ನ ಮುಂದೆ ಹೋಗಿ ನಿಂತಿತು. ಅವನು ಅದನ್ನು ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿ, ಜೇಬಿಗೆ ಹಾಕಿಕೊಂಡ.

ಶನಿವಾರ ನಾನು ಬರುವಷ್ಟರಲ್ಲಿ ಗೇಟು ತೆರೆದಿತ್ತು, ದಾರಿಯ ಗುಂಡಿಗೆ ಜಲ್ಲಿ ಬಿದ್ದಿತ್ತು. ಕ್ಲಬ್ಬು ಇನ್ನೂ ಏನನ್ನೂ ಕೊಂಡಿರಲಿಲ್ಲವಾದ್ದರಿಂದ ಡ್ವೇನ್ ತನ್ನದನ್ನೇ ಕೊಟ್ಟ. ನಾನು ಚಿಕ್ಕ ಹಲ್ಲಿನಲ್ಲಿಟ್ಟು ಹೊಡೆದು, ಖಾಲಿ ತೋರಿಸಿ ಕ್ಲೆಮ್‌ಗೆ ಕೊಟ್ಟೆ. ಅವನು ಸ್ಟಾಕನ್ನು ಹಿಂದಕ್ಕೆಳೆದ. ಕಟ್, ಕಟ್, ಕಟ್. ಬೇಸಿಗೆಯಿಡೀ ಕುಗ್ಗಿ, ಮೊಣಕೈ ಮಡಿಚಿಕೊಂಡು ಹೊಡೆಯುತ್ತಿದ್ದ ಮನುಷ್ಯ ಮೊದಲ ಸಲ ನೆಟ್ಟಗೆ ನಿಂತ.

ಅವನು ಕಾರ್ಬೈನ್ ಹಿಡಿದು ಶೂಟ್ ಮಾಡುವ ಗೆರೆಗೆ ಬರುವುದನ್ನು ನೋಡಿ ಡ್ವೇನ್ ಟೈಮರನ್ನು ಕೆಳಗಿಳಿಸಿದ. ಎಷ್ಟೋ ಈಸ್ಟರುಗಳಿಂದ ಕಾದಿದ್ದ ಗಳಿಗೆ ಅದು.

"ಕಾಲಿಗೇನಾಯ್ತು ಕ್ಲೆಮ್?" ಎಂದು ಬಹಳ ಕನಿಕರದಿಂದ ಕೇಳಿದ.

"ಕಾಲಿಗೇನೂ ಆಗಿಲ್ಲ," ಎಂದ ಕ್ಲೆಮ್. "ಸಮಿತಿ ಕೆಲಸ. ಟೈಮರ್ ಒತ್ತು."